ಹಳ್ಳಿ ಮನೆಗೆ ಹೊಸ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿರುವ ಅಪ್ಪ-ಅಮ್ಮನಿಗೆ ಆಸೆಪಟ್ಟು ಒಂದು ಉಪಕರಣ ತಂದುಕೊಟ್ಟು, ಮುಂದಿನ ಸಲ ಹೋದಾಗ ಅದು ಡಬ್ಬದ ಸಮೇತ ಅಟ್ಟ ಸೇರಿದ್ದನ್ನು ಕಂಡವರಿಗಾಗಿ ಇದನ್ನು ಬರೆದಿದ್ದೇನೆ. ಮನೆ ಮನೆಗೆ ಹೋಗಿ ಸೋಲಾರ್ ದೀಪ, ಹೊಗೆ ಇಲ್ಲದ ಒಲೆ, ನೀರಿನ ಫಿಲ್ಟರ್ ಪರಿಚಯಿಸುವ ಕಾರ್ಯಕರ್ತರಿಗೂ ಉಪಯೋಗ ಆಗಬಹುದು. ಉತ್ತರಗಳಲ್ಲಿ ಮಾಹಿತಿಯ ಜೊತೆಗೆ ನನ್ನ ಅಭಿಪ್ರಾಯವೂ ಬೆರೆತಿದೆ.

ಒಳ್ಳೆಯ ಯಂತ್ರವನ್ನೇ ತಂದುಕೊಟ್ಟೆ. ಆದರೂ ಮುಟ್ಟುವುದಿಲ್ಲ. ಯಾಕೆ ಇಷ್ಟು ಹೆದರಿಕೆ?

ಅದು ಹೆದರಿಕೆ ಅಂತ ನಮಗೆ ಕಾಣುತ್ತದೆ ಅಷ್ಟೆ. ಬಹಳ ಸಲ ಅದು ಲೆಕ್ಕಾಚಾರ. ಕೆಟ್ಟರೆ ರಿಪೇರಿ ಮಾಡುವವರು ಯಾರು? ಬಿಲ್ ಎಷ್ಟು ಬರುತ್ತದೆ? ಅಡುಗೆ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಏನು ಮಾಡೋದು? ಇದನ್ನೆಲ್ಲ ಅವರು ಮನಸ್ಸಲ್ಲೇ ಕೇಳಿಕೊಂಡಿರುತ್ತಾರೆ. ಉತ್ತರ ಸಿಕ್ಕಿರುವುದಿಲ್ಲ. ಅದಕ್ಕೇ "ಬೇಡಪ್ಪಾ, ಇರೋದೇ ಸಾಕು" ಅನ್ನುತ್ತಾರೆ.

ಇನ್ನೊಂದು ಕಾರಣ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ನಾನು ಏನೋ ಒತ್ತಿ, ಅದು ಹಾಳಾಗಿ, ಮಗ ಬೈದರೆ?" ಈ ಅಳುಕು ದೊಡ್ಡದು. ದುಬಾರಿ ವಸ್ತು ಆದಷ್ಟೂ ಅಳುಕು ಜಾಸ್ತಿ.

ಹಾಗಾಗಿ ಯಂತ್ರದ ಗುಣಗಾನ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: "ಇದರಿಂದ ಏನು ತೊಂದರೆ ಆಗಬಹುದು ಅನ್ನಿಸುತ್ತೆ ನಿಮಗೆ?" ಕೇಳಿ ಸುಮ್ಮನಿರಿ. ಬರುವ ಉತ್ತರದಲ್ಲೇ ನಿಮ್ಮ ಮುಂದಿನ ಕೆಲಸ ಇರುತ್ತದೆ. ಬಿಲ್ಲಿನ ಚಿಂತೆ ಇದ್ದವರಿಗೆ ಸುರಕ್ಷತೆಯ ಬಗ್ಗೆ ಎಷ್ಟು ಹೇಳಿದರೂ ಪ್ರಯೋಜನ ಇಲ್ಲ.

ಹಳ್ಳಿಯವರು ಹೊಸದನ್ನು ಒಪ್ಪುವುದೇ ಇಲ್ಲ ಅಂತಾರಲ್ಲ, ನಿಜವಾ?

ಇಲ್ಲ. ಪರೀಕ್ಷೆ ಮಾಡದೆ ಒಪ್ಪುವುದಿಲ್ಲ ಅನ್ನಿ, ಅದು ಸರಿ. ಈ ವಿಷಯದಲ್ಲಿ ಒಂದು ಹಳೆಯ ಅಧ್ಯಯನ ಇದೆ. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜಕ್ಕೆ ಹೇಗೆ ಬದಲಾದರು ಅಂತ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಇಬ್ಬರೂ ವಿಚಾರಿಸಿದರು. 1943ರಲ್ಲಿ ಅದು ಪ್ರಕಟವಾಯಿತು. ಅವರು ಲೆಕ್ಕಕ್ಕೆ ತೆಗೆದುಕೊಂಡ 259 ರೈತರಲ್ಲಿ ಕೊನೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಆದರೆ ಹೆಚ್ಚಿನವರು ಒಂದೇ ಸಲ ಇಡೀ ಹೊಲಕ್ಕೆ ಬಿತ್ತಲಿಲ್ಲ. ಮೊದಲ ವರ್ಷ ಸ್ವಲ್ಪ ಜಾಗದಲ್ಲಿ ಹಾಕಿ ನೋಡಿದರು. ಸುದ್ದಿ ಮೊದಲು ತಲುಪಿದ್ದು ಹೆಚ್ಚಾಗಿ ಬೀಜ ಮಾರುವವರಿಂದ. ನಂಬಿಕೆ ಬಂದದ್ದು ಮಾತ್ರ ಪಕ್ಕದ ಹೊಲದವರಿಂದ.

ಬೀಜಕ್ಕೆ ನಿಜವಾದದ್ದು ಒಲೆಗೂ ಫ್ರಿಜ್ಜಿಗೂ ನಿಜ. ನೀವು ಸುದ್ದಿ ಮುಟ್ಟಿಸಬಹುದು. ನಂಬಿಕೆ ಹುಟ್ಟಿಸುವುದು ಅದನ್ನು ಆಗಲೇ ಬಳಸುತ್ತಿರುವ ಪಕ್ಕದ ಮನೆಯಾಕೆ. ಅಂಥ ಒಬ್ಬರನ್ನು ಹುಡುಕಿ. ಅವರ ಅಡುಗೆಮನೆಯಲ್ಲೇ ತೋರಿಸಲು ಕೇಳಿಕೊಳ್ಳಿ. ಅದರ ಕುಂದುಕೊರತೆಯನ್ನೂ ಅವರು ಹೇಳಲಿ, ತಡೆಯಬೇಡಿ. ಒಳ್ಳೆಯದನ್ನಷ್ಟೇ ಹೇಳುವವರ ಮಾತು ಯಾರಿಗೂ ರುಚಿಸುವುದಿಲ್ಲ.

ಅದೇ ದೇಶದಲ್ಲಿ 1930ರ ದಶಕದ ಮಧ್ಯದಲ್ಲಿ ಸುಮಾರು ಹತ್ತರಲ್ಲಿ ಒಂದು ಹಳ್ಳಿ ಮನೆಗೆ ಮಾತ್ರ ಕರೆಂಟ್ ಇತ್ತು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕೆ ಅಂತಲೇ ಸರ್ಕಾರ ಒಂದು ಇಲಾಖೆ ತೆರೆಯಿತು. ತಂತಿ ಎಳೆದರಷ್ಟೇ ಸಾಲದು ಅಂತ ಅವರಿಗೆ ಬೇಗ ಅರ್ಥವಾಯಿತು. ಊರೂರಿಗೆ ಹೋಗಿ, ಡೇರೆ ಹಾಕಿ, ಲೂಯಿಸನ್ ಮೇಮರ್ ಎಂಬಾಕೆ ಜನರೆದುರೇ ಕರೆಂಟ್ ಒಲೆಯ ಮೇಲೆ ಅಡುಗೆ ಮಾಡಿ ತೋರಿಸುತ್ತಿದ್ದರು. ಕರೆಂಟ್ ಬಂದ ಮನೆಗಳು ಮೊದಲು ಕೊಂಡ ವಸ್ತುಗಳಲ್ಲಿ ಇಸ್ತ್ರಿಪೆಟ್ಟಿಗೆ ಮತ್ತು ರೇಡಿಯೊ ಮುಂದಿದ್ದವು. ಒಂದು ಕೈನೋವು ಕಡಿಮೆ ಮಾಡಿತು, ಇನ್ನೊಂದು ಸಂಜೆಗೆ ಜೊತೆ ಆಯಿತು.

ಹಾಗಾದರೆ ಯಾವುದರಿಂದ ಶುರು ಮಾಡೋದು?

ದಿನಾ ಬೇಸರ ತರಿಸುವ ಒಂದು ಕೆಲಸವನ್ನು ಹಗುರ ಮಾಡುವಂಥದ್ದರಿಂದ. ಅದು ಕೈಕೊಟ್ಟರೂ ಆ ದಿನದ ಬದುಕು ನಿಲ್ಲಬಾರದು. ಎಲ್‌ಇಡಿ ಬಲ್ಬು, ರೀಚಾರ್ಜ್ ಆಗುವ ದೀಪ, ಮಿಕ್ಸರ್, ನೀರಿನ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ, ಇಂಥವು. ಟ್ಯಾಂಕಿನ ಅಲಾರಂ ಚಿಕ್ಕ ವಸ್ತು, ಆದರೆ ಒಂದೇ ವಾರದಲ್ಲಿ "ಇದು ಬೇಕು" ಅನ್ನಿಸಿಕೊಳ್ಳುತ್ತದೆ. ಫೋನಿನಿಂದ ದೀಪ ಹಚ್ಚುವ ಸ್ವಿಚ್ಚಿನಿಂದ ಮಾತ್ರ ಶುರು ಮಾಡಬೇಡಿ. ಗೋಡೆಯ ಸ್ವಿಚ್ ಕೈಗೆ ಸಿಗುವಾಗ ಅದು ಯಾರ ಕಷ್ಟವನ್ನೂ ಕಳೆಯುವುದಿಲ್ಲ.

ಹೊಸ ಒಲೆ ಬಂದಮೇಲೆ ಸೌದೆ ಒಲೆ ತೆಗೆಸಬೇಕಲ್ವಾ?

ಮೊದಲ ದಿನವೇ ತೆಗೆಸಲು ಹೋದರೆ ಹೊಸದೂ ನಿಲ್ಲುವುದಿಲ್ಲ. ಒಲೆ ಹಂಚಿದ ಕಡೆಗಳಲ್ಲೆಲ್ಲ ಮತ್ತೆ ಮತ್ತೆ ಕಂಡಿರುವ ಸಂಗತಿ ಇದು: ಜನ ಹೊಸ ಒಲೆಯನ್ನೂ ಬಳಸುತ್ತಾರೆ, ಹಳೆಯದನ್ನೂ ಉರಿಸುತ್ತಾರೆ. ಯಾಕೆಂದರೆ ಸೌದೆ ಒಲೆ ಅಡುಗೆಯೊಂದನ್ನೇ ಮಾಡುತ್ತಿರಲಿಲ್ಲ. ಸ್ನಾನದ ನೀರು ಕಾಯಿಸುತ್ತಿತ್ತು, ಚಳಿಗೆ ಮನೆ ಬೆಚ್ಚಗಿಡುತ್ತಿತ್ತು, ದೊಡ್ಡ ಪಾತ್ರೆ ಹೊರುತ್ತಿತ್ತು, ಅಟ್ಟದ ಕಾಳಿಗೆ ಹುಳ ಹತ್ತದಂತೆ ಹೊಗೆ ಕೊಡುತ್ತಿತ್ತು. ಹೊಸ ಒಲೆ ಇದರಲ್ಲಿ ಒಂದೋ ಎರಡೋ ಕೆಲಸ ಮಾತ್ರ ಮಾಡುತ್ತದೆ.

ಆದರೆ ಹೊಗೆಯ ವಿಷಯವನ್ನು ಮುಚ್ಚಿಡಬಾರದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಾರದಲ್ಲಿ ಎರಡು ದಿನ ಹೊಸ ಒಲೆ ಹಚ್ಚಿ, ಐದು ದಿನ ಸೌದೆ ಉರಿಸಿದರೆ ಶ್ವಾಸಕೋಶಕ್ಕೆ ಹೆಚ್ಚು ಲಾಭ ಇಲ್ಲ. ಹಾಗಾಗಿ ಸೌದೆ ಒಲೆ ಮಾಡುತ್ತಿದ್ದ ಕೆಲಸಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ದಾರಿ ಹುಡುಕಿ. ನೀರಿಗೆ ಸೋಲಾರ್ ಹೀಟರ್ ಬಂತು ಅನ್ನಿ, ಒಂದಷ್ಟು ಸೌದೆ ಉಳಿಯಿತು. ಉಳಿದ ಸೌದೆ ಅಡುಗೆಯನ್ನು ಮನೆಯ ಹೊರಗೆ, ಚಪ್ಪರದ ಕೆಳಗೆ ಸಾಗಿಸಿದರೂ ಅದು ಸಣ್ಣ ಬದಲಾವಣೆ ಅಲ್ಲ.

ಇಂಡಕ್ಷನ್ ಒಲೆ ಮುಟ್ಟಿದರೆ ಶಾಕ್ ಹೊಡೆಯುತ್ತೆ ಅಂತ ಅಜ್ಜಿ ಹತ್ತಿರವೇ ಬರಲ್ಲ.

ಬೆಂಕಿ ಕಾಣದೆ ಪಾತ್ರೆ ಕುದಿಯುವುದನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಒಳಗಿನ ತಾಮ್ರದ ಸುರುಳಿಯಲ್ಲಿ ಕರೆಂಟ್ ಹರಿದಾಗ ಅಯಸ್ಕಾಂತದ ಶಕ್ತಿ ಹುಟ್ಟುತ್ತದೆ. ಅದು ಕಬ್ಬಿಣದ ಅಂಶ ಇರುವ ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ. ಮೇಲಿನ ಗಾಜಿನ ಹಲಗೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಇದನ್ನು ಬಾಯಲ್ಲಿ ಹೇಳುವ ಬದಲು ಮಾಡಿ ತೋರಿಸಿ. ಒಲೆ ಹಚ್ಚಿ, ಮೇಲೆ ಒಂದು ಕಾಗದ ಹಾಕಿ, ಅದರ ಮೇಲೆ ನೀರಿನ ಪಾತ್ರೆ ಇಡಿ. ನೀರು ಬಿಸಿಯಾಗತೊಡಗುತ್ತದೆ, ಕಾಗದಕ್ಕೆ ಬೆಂಕಿ ಹತ್ತುವುದಿಲ್ಲ. ಸ್ವಲ್ಪ ಹೊತ್ತು ತೋರಿಸಿ ತೆಗೆದುಬಿಡಿ, ದಿನಾ ಹಾಗೆ ಮಾಡುವುದು ಬೇಡ. ಆಮೇಲೆ ಅಜ್ಜಿಯ ಕೈಗೆ ಒಂದು ಅಯಸ್ಕಾಂತ ಕೊಟ್ಟು ಮನೆಯ ಪಾತ್ರೆಗಳನ್ನೆಲ್ಲ ಪರೀಕ್ಷಿಸಲು ಹೇಳಿ. ತಳಕ್ಕೆ ಅಂಟಿದರೆ ಆ ಪಾತ್ರೆ ಆಗುತ್ತದೆ. ಬರೀ ಅಲ್ಯೂಮಿನಿಯಂ, ತಾಮ್ರ, ಮಣ್ಣಿನ ಪಾತ್ರೆ ಆಗುವುದಿಲ್ಲ. ಪರೀಕ್ಷೆ ಅವರ ಕೈಯಲ್ಲೇ ನಡೆದರೆ ಅರ್ಧ ಅನುಮಾನ ಕಳೆಯುತ್ತದೆ.

ಎರಡು ಎಚ್ಚರಿಕೆ. ಪಾತ್ರೆ ತೆಗೆದ ಮೇಲೂ ಅದರ ಬಿಸಿಯಿಂದ ಗಾಜು ಸುಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಾಗಿಡುವ ಸಾಧನ) ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಮೈಕ್ರೋವೇವ್‌ನಿಂದ ಊಟಕ್ಕೆ ವಿಷ ಸೇರುತ್ತಾ?

ಇಲ್ಲ. ಅದು ಆಹಾರದಲ್ಲಿರುವ ನೀರನ್ನು ಬಿಸಿ ಮಾಡುತ್ತದೆ, ಅಷ್ಟೆ. ಬಾಗಿಲು ತೆಗೆದ ಕ್ಷಣ ಅಲೆಗಳು ನಿಲ್ಲುತ್ತವೆ. ಲೋಹದ ಪಾತ್ರೆ ಇಡಬಾರದು, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಳಸಬಾರದು.

ನಮ್ಮಲ್ಲಿ ವೋಲ್ಟೇಜ್ ಏರುಪೇರು. ಕೊಳ್ಳುವ ಮೊದಲು ಏನು ನೋಡಬೇಕು?

ಈ ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಎಷ್ಟೋ ಯಂತ್ರಗಳು "ಸರಿ ಇಲ್ಲ" ಅನ್ನಿಸಿಕೊಳ್ಳುವುದು ಮನೆಯ ವೈರಿಂಗ್ ಸರಿ ಇಲ್ಲದ ಕಾರಣಕ್ಕೆ. ಒಂದು ಸಲ ಶಾಕ್ ಹೊಡೆದರೆ ಸಾಕು, ಆ ಮನೆಯಲ್ಲಿ ಆ ಯಂತ್ರದ ಕಥೆ ಮುಗಿದಂತೆ. ಎಲೆಕ್ಟ್ರಿಷಿಯನ್ ಕರೆಸುವ ಖರ್ಚನ್ನು ಯಂತ್ರದ ಖರ್ಚಿನ ಜೊತೆಗೇ ಸೇರಿಸಿ ಲೆಕ್ಕ ಹಾಕಿ.

ಮೊದಲು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಅಂತಲ್ಲ. ಮೂರನೆಯ ತೂತಿಗೆ ತಂತಿಯೇ ಇಲ್ಲದ ಮನೆಗಳು ಬೇಕಾದಷ್ಟಿವೆ. ಎರಡನೆಯದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್. ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಆರುವ ಸ್ವಿಚ್) ಇದ್ದರೆ ಸಾಕು ಅಂದುಕೊಳ್ಳುತ್ತಾರೆ, ಅದು ತಪ್ಪು. ಎಂಸಿಬಿ ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ. ಆರ್‌ಸಿಸಿಬಿ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಮನೆ ಬಳಕೆಗೆ ಆ ಅಳತೆಯದ್ದನ್ನೇ ಹಾಕಿಸಿ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ, ಖುಷಿಯಿಂದ ಮಾಡುತ್ತಾರೆ.

ಹೀಟರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಇವುಗಳನ್ನು ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ. ವೈರ್ ಬಿಸಿಯಾಗಿ ಕರಗಿ ಬೆಂಕಿ ಹತ್ತುತ್ತದೆ. ಅವಕ್ಕೆ ದಪ್ಪ ವೈರಿನ ಬೇರೆ ಲೈನ್ ಬೇಕು.

ವೋಲ್ಟೇಜ್ ಕಡಿಮೆ ಆದರೆ ಯಂತ್ರ ನಿಧಾನ ಆಗುತ್ತದೆ, ಇನ್ನೇನು ಅಂದುಕೊಳ್ಳಬೇಡಿ. ಪಂಪ್, ಫ್ರಿಜ್‌ನಂಥ ಮೋಟಾರ್ ಇರುವ ಯಂತ್ರಗಳು ಆಗ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತವೆ, ಸುಟ್ಟೂ ಹೋಗುತ್ತವೆ. ಅಲ್ಲಿ ವೋಲ್ಟೇಜನ್ನು ಹದದಲ್ಲಿಡುವ ಸ್ಟೆಬಿಲೈಸರ್ ಬೇಕೇ ಬೇಕು. ಕರೆಂಟ್ ಹೋಗಿ ಬಂದಾಗ ಫ್ರಿಜ್ ಮೂರರಿಂದ ಐದು ನಿಮಿಷ ಬಿಟ್ಟು ಶುರುವಾದರೆ ಅದರ ಕಂಪ್ರೆಸರ್‌ಗೆ ಒಳ್ಳೆಯದು. ಹೀಗೆ ಸ್ವಲ್ಪ ಹೊತ್ತು ತಡೆದು ಶುರು ಮಾಡುವ ಸ್ಟೆಬಿಲೈಸರ್‌ಗಳು ಸಿಗುತ್ತವೆ.

ಗುಡುಗು-ಸಿಡಿಲಿನ ಸೂಚನೆ ಕಂಡರೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಟಿವಿಯ ಕೇಬಲ್, ಇಂಟರ್‌ನೆಟ್ ವೈರ್ ಕೂಡ ಬಿಚ್ಚಿ. ಆ ದಾರಿಯಿಂದಲೂ ಹೊಡೆತ ಬರುತ್ತದೆ. ಈ ಕೆಲಸ ಮಳೆ ಶುರುವಾಗುವ ಮೊದಲು ಆಗಬೇಕು. ಸಿಡಿಲು ಹೊಡೆಯುತ್ತಿರುವಾಗ ವೈರ್ ಮುಟ್ಟಲು ಹೋಗಬಾರದು.

ಬಿಲ್ ಜಾಸ್ತಿ ಬರುತ್ತೆ ಅನ್ನೋ ಭಯಕ್ಕೆ ಏನು ಹೇಳಬೇಕು?

ಹೇಳಬೇಡಿ, ಮೀಟರ್ ತೋರಿಸಿ. ಒಂದು ಯೂನಿಟ್ ಅಂದರೆ 1000 ವ್ಯಾಟಿನ ಯಂತ್ರ ಒಂದು ಗಂಟೆ ಓಡಿದಂತೆ. 2000 ವ್ಯಾಟಿನ ಒಲೆ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ತಿನ್ನುತ್ತದೆ. 60 ವ್ಯಾಟಿನ ಹಳೆಯ ಬಲ್ಬು ಅದನ್ನು ಸುಮಾರು 17 ಗಂಟೆಯಲ್ಲಿ ತಿಂದರೆ, ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ 110 ಗಂಟೆ ಉರಿಯುತ್ತದೆ.

ಬೆಳಗ್ಗೆ ಮೀಟರಿನ ಅಂಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿಸಿ, ರಾತ್ರಿ ಮತ್ತೆ ಬರೆಯಿಸಿ. ಒಂದು ವಾರ ಹೊಸ ಯಂತ್ರ ಇಲ್ಲದೆ, ಒಂದು ವಾರ ಯಂತ್ರದ ಜೊತೆ. ವ್ಯತ್ಯಾಸ ಅವರೇ ಹೇಳುತ್ತಾರೆ. ಈ ಲೆಕ್ಕದಲ್ಲಿ ಕೆಲವೊಮ್ಮೆ ಬೇರೆಯೇ ಕಳ್ಳ ಸಿಗುತ್ತಾನೆ. ದಿನವಿಡೀ ಸುಮ್ನೆ 10 ವ್ಯಾಟ್ ಎಳೆಯುತ್ತಾ ಕೂರುವ, ಟಿವಿಯ ಒಂದು ಸೆಟ್-ಟಾಪ್ ಬಾಕ್ಸ್ ತಿಂಗಳಿಗೆ ಏಳು ಯೂನಿಟ್ ನುಂಗಿಬಿಡುತ್ತದೆ.

ಬಿಲ್ ನಿಜಕ್ಕೂ ಏರುವಂತಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಮೊದಲ ತಿಂಗಳ ಬಿಲ್ ನೋಡಿ ಬೆಚ್ಚಿಬಿದ್ದವರು ನಿಮ್ಮ ಮುಂದಿನ ಯಾವ ಮಾತನ್ನೂ ಕೇಳುವುದಿಲ್ಲ.

ಕಲಿಸಿಕೊಟ್ಟೆ, ತಲೆಯಾಡಿಸಿದರು. ಮಾರನೆಯ ದಿನ ಎಲ್ಲ ಮರೆತಿದ್ದರು. ಹೇಗೆ ಕಲಿಸಬೇಕು?

ನೀವು ಕಲಿಸುವಾಗ ಯಂತ್ರ ಯಾರ ಕೈಯಲ್ಲಿತ್ತು? ನಿಮ್ಮ ಕೈಯಲ್ಲಿದ್ದರೆ ಕಲಿತವರು ನೀವೇ. ಪಕ್ಕದಲ್ಲಿ ಕೂತು, ಕೈ ಕಟ್ಟಿಕೊಂಡು, ಬಾಯಲ್ಲಿ ಮಾತ್ರ ಹೇಳಿ. ಅವರ ಬೆರಳು ತಡವರಿಸುತ್ತದೆ, ನಿಮಗೆ ಕೈ ತುರಿಸುತ್ತದೆ. "ಕೊಡಮ್ಮಾ ಇಲ್ಲಿ, ನಾನು ಮಾಡ್ತೀನಿ" ಅನ್ನುವ ಮಾತನ್ನು ನುಂಗಿಕೊಳ್ಳಿ. ಕಲಿಕೆಯನ್ನು ಅಷ್ಟು ಬೇಗ ಕೊಲ್ಲುವ ಮಾತು ಇನ್ನೊಂದಿಲ್ಲ. ಮೊಮ್ಮಕ್ಕಳು ಚುರುಕು ನಿಜ, ಆದರೆ ಟಕಟಕ ಒತ್ತಿ "ಇಷ್ಟೇ ಅಜ್ಜಿ" ಅಂದು ಓಡಿಬಿಡುತ್ತಾರೆ.

ಒಂದು ದಿನಕ್ಕೆ ಒಂದೇ ಕೆಲಸ ಸಾಕು. ವಾಷಿಂಗ್ ಮಷಿನ್‌ನಲ್ಲಿ ಹದಿನಾಲ್ಕು ಬಗೆ ಇದ್ದರೂ ಮನೆಗೆ ಬೇಕಾದ್ದು ಒಂದೋ ಎರಡೋ. ಆ ಬಟನ್‌ಗೆ ಬಣ್ಣದ ಚುಕ್ಕೆ ಅಂಟಿಸಿ, ಉಳಿದದ್ದರ ಸುದ್ದಿಯೇ ಬೇಡ.

ಆನ್ ಮಾಡುವುದಕ್ಕಿಂತ ಮೊದಲು ಆಫ್ ಮಾಡುವುದನ್ನು ಕಲಿಸಿ. ಇದು ನಾನು ತುಂಬ ನಂಬುವ ಮಾತು. ಏನೇ ಆದರೂ ನಿಲ್ಲಿಸುವುದು ನನಗೆ ಗೊತ್ತು ಅನ್ನುವ ಧೈರ್ಯ ಬಂದರೆ, ಉಳಿದದ್ದನ್ನು ಒತ್ತಿ ನೋಡುವ ಧೈರ್ಯ ತಾನಾಗಿ ಬರುತ್ತದೆ. ಬೇಕೆಂದೇ ತಪ್ಪು ಬಟನ್ ಒತ್ತಿಸಿ, ಅದರಿಂದ ಹೊರಗೆ ಬರುವುದನ್ನೂ ಮಾಡಿಸಿ. ಫೋನ್ ಆದರೆ ಎಲ್ಲಿಂದಲಾದರೂ ಮೊದಲ ಪರದೆಗೆ ವಾಪಸ್ ಬರುವ ದಾರಿ ಕಲಿಸಿ.

ಕೆಲವು ದಿನ ಬಿಟ್ಟು ಮತ್ತೆ ಹೋಗಿ. "ನೆನಪಿದೆಯಾ?" ಅಂತ ಪರೀಕ್ಷೆ ಮಾಡಬೇಡಿ. "ನನಗೊಂದು ಸಲ ತೋರಿಸಿ" ಅನ್ನಿ.

ಓದು-ಬರಹ ಬರದವರಿಗೆ ಇದೆಲ್ಲ ಆಗುತ್ತಾ?

ಆಗುತ್ತದೆ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಶುರುವಾದ ಬೇರ್‌ಫುಟ್ ಕಾಲೇಜು, ಶಾಲೆಯ ಮುಖವನ್ನೇ ಸರಿಯಾಗಿ ನೋಡದ ಹೆಂಗಸರಿಗೆ, ಅದರಲ್ಲೂ ಅಜ್ಜಿಯರಿಗೆ, ಸೋಲಾರ್ ದೀಪ ಜೋಡಿಸುವುದು, ರಿಪೇರಿ ಮಾಡುವುದು ಕಲಿಸಿದೆ. ಬೇರೆ ಬೇರೆ ದೇಶಗಳಿಂದ ಬಂದ ಹೆಂಗಸರಿಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಬಣ್ಣ, ಗುರುತು, ಕೈಸನ್ನೆ, ಮಾಡಿ ನೋಡುವುದು ಇವೇ ಅಲ್ಲಿ ಪಾಠ. ಸರ್ಕ್ಯೂಟ್ ಬೆಸೆಯುವುದನ್ನೇ ಹೀಗೆ ಕಲಿಯಬಹುದಾದರೆ ವಾಷಿಂಗ್ ಮಷಿನ್ ಯಾವ ಲೆಕ್ಕ?

ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ, ಭಾಷೆ ಬದಲಿಸಿ, ಮಾತಾಡಿ ಹುಡುಕುವ ಮೈಕ್ ಗುರುತನ್ನು ತೋರಿಸಿಕೊಡಿ. ಕರೆ ಮಾಡಬೇಕಾದವರ ಫೋಟೊ ಮೊದಲ ಪರದೆಯಲ್ಲೇ ಇರಲಿ.

ಮನೆಯಲ್ಲಿ ಯಾರನ್ನು ಒಪ್ಪಿಸಬೇಕು?

ಆ ಕೆಲಸವನ್ನು ದಿನಾ ಮಾಡುವವರನ್ನು. ದುಡ್ಡು ಕೊಡುವವರನ್ನು ಒಪ್ಪಿಸಿದರೆ ಯಂತ್ರ ಮನೆಗೆ ಬರುತ್ತದೆ, ಬಳಕೆಗೆ ಬರುವುದಿಲ್ಲ. ಬಟ್ಟೆ ಒಗೆಯುವವರನ್ನು ಒಂದು ಮಾತೂ ಕೇಳದೆ ಪೂರ್ತಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ ತಂದವರುಂಟು. ನಲ್ಲಿಯಲ್ಲಿ ಅದಕ್ಕೆ ಬೇಕಾದ ರಭಸವೇ ಇರುವುದಿಲ್ಲ. ಟ್ಯಾಂಕ್ ಹತ್ತು ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಮಾಡಿನ ಮೇಲೆ ಕೂತ ಟ್ಯಾಂಕಿನಿಂದ ಅದರ ಕಾಲು ಭಾಗ ಸಿಕ್ಕರೆ ಹೆಚ್ಚು. ಬಕೆಟ್ಟಿನಲ್ಲಿ ನೀರು ತುಂಬಿಸಬಹುದಾದ ಸೆಮಿ ಆಟೋಮ್ಯಾಟಿಕ್ ಅಲ್ಲಿ ಜಾಣ ಆಯ್ಕೆ. ಆ ಮನೆಯ ಅತ್ತೆಯನ್ನೋ ಸೊಸೆಯನ್ನೋ ಕೇಳಿದ್ದರೆ ನೀರಿನ ಕಥೆಯನ್ನು ಮೊದಲೇ ಹೇಳುತ್ತಿದ್ದರು.

ಯಾವ ನೀರಿನ ಫಿಲ್ಟರ್ ಒಳ್ಳೆಯದು?

ನೀರು ಪರೀಕ್ಷೆ ಮಾಡಿಸದೆ ಹೇಳಲು ಬರುವುದಿಲ್ಲ. ಯುವಿ (ನೇರಳಾತೀತ ಬೆಳಕಿನ) ಯಂತ್ರ ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು. ಕರಗಿರುವ ಉಪ್ಪು, ಫ್ಲೋರೈಡ್ ತೆಗೆಯಲು ಆರ್‌ಒ (ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವ ಯಂತ್ರ) ಬೇಕು. ಅದು ಒಂದಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ, ಅದನ್ನು ನೆಲ ತೊಳೆಯಲು ಹಿಡಿದಿಟ್ಟುಕೊಳ್ಳಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಫಿಲ್ಟರ್ ಕ್ಯಾಂಡಲ್ ಬದಲಿಸುವ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದಿಡಿ.

ಸೋಲಾರ್ ಹಾಕಿಸಿದೆವು, ಒಂದೆರಡು ವರ್ಷಕ್ಕೇ ಬೆಳಕು ಮಂಕಾಯಿತು. ಮೋಸ ಹೋದೆವಾ?

ಹೆಚ್ಚಾಗಿ ತೊಂದರೆ ಪ್ಯಾನೆಲ್‌ದಲ್ಲ, ಬ್ಯಾಟರಿಯದ್ದು. ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಅದು ಬೇಗ ಸಾಯುತ್ತದೆ. ನೀರು ಹಾಕುವ ಬಗೆಯದ್ದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಲ್ಲಿ ನೀರಲ್ಲ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಹಾಗಾಗಿ ಗಾಳಿಯಾಡುವ ಕಡೆ ಇರಲಿ, ಹತ್ತಿರ ಬೆಂಕಿ ಬೇಡ. ಪ್ಯಾನೆಲ್ ಮೇಲಿನ ಧೂಳನ್ನು ಬೆಳಗ್ಗೆ ತಣ್ಣಗಿರುವಾಗ ಒರೆಸಿ. ಮರದ ಒಂದು ಕೊಂಬೆಯ ನೆರಳು ಬಿದ್ದರೂ ಕರೆಂಟ್ ಗಣನೀಯವಾಗಿ ಇಳಿಯುತ್ತದೆ.

ಸ್ಮಾರ್ಟ್ ಸ್ವಿಚ್, ಕ್ಯಾಮೆರಾ ಇವೆಲ್ಲ ಹಳ್ಳಿಗೆ ಬೇಕಾ?

ಕೆಲವು ಬೇಕು. ದೂರದ ಪಂಪ್ ಅನ್ನು ಫೋನಿನಿಂದ ಆನ್ ಮಾಡಲು ಬಂದರೆ ರಾತ್ರಿ ಕತ್ತಲಲ್ಲಿ ನಡೆಯುವುದು ತಪ್ಪುತ್ತದೆ. ಆದರೆ ಒಂದು ಷರತ್ತು: ಇಂಟರ್‌ನೆಟ್ ಇಲ್ಲದಾಗಲೂ ಕೈಯಲ್ಲಿ ಒತ್ತಿದರೆ ಕೆಲಸ ಮಾಡಬೇಕು. ಇಲ್ಲದಿದ್ದರೆ ಕೊಳ್ಳಬೇಡಿ. ವೈ-ಫೈ ಸಾಧನಗಳಲ್ಲಿ ಬಹಳಷ್ಟು ವೈ-ಫೈನ 2.4 ಗಿಗಾಹರ್ಟ್ಸ್ ಅಲೆಗೆ ಮಾತ್ರ ಸೇರಿಕೊಳ್ಳುತ್ತವೆ, 5 ಗಿಗಾಹರ್ಟ್ಸ್‌ಗೆ ಇಲ್ಲ. ಗೋಡೆ ದಾಟಲೂ ಅದೇ ವಾಸಿ. ದಪ್ಪ ಕಲ್ಲು, ಮಣ್ಣಿನ ಗೋಡೆಯ ಮನೆಯಲ್ಲಿ ರೂಟರ್ ಎಲ್ಲಿಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಕ್ಯಾಮೆರಾ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ವಯಸ್ಸಾದವರ ಮೇಲೆ ಪ್ರೀತಿ ಇದೆ ಅಂತ ಅವರನ್ನು ಕೇಳದೆ ಮನೆಯೊಳಗೆ ಕ್ಯಾಮೆರಾ ಇಡಬಾರದು. ಬಾಗಿಲ ಹೊರಗೆ ಇರಲಿ. ಒಳಗೆ ಬೇಕೇ ಬೇಕು ಅಂದರೆ, ಅದನ್ನು ಆರಿಸುವ ಸ್ವಿಚ್ ಅವರ ಕೈಯಲ್ಲಿರಲಿ.

ಫೋನಿನಲ್ಲಿ ದುಡ್ಡು ಹೋಗುತ್ತೆ ಅಂತ ಅಪ್ಪ ಹೆದರುತ್ತಾರೆ.

ಅವರ ಹೆದರಿಕೆ ಸರಿಯಾಗಿದೆ, ಅದನ್ನು ಕಳೆಯಲು ಹೋಗಬೇಡಿ. ಅದಕ್ಕೆ ನಿಯಮದ ರೂಪ ಕೊಡಿ. ಒಟಿಪಿ, ಪಿನ್ ಯಾರಿಗೂ ಹೇಳುವುದಿಲ್ಲ, ಮಗ ಕೇಳಿದರೂ. ಹಣ ಬರುವುದಕ್ಕೆ ಪಿನ್ ಒತ್ತುವ ಅಗತ್ಯ ಇಲ್ಲ. ಗುರುತಿಲ್ಲದವರು ಹೇಳಿದ ಆ್ಯಪ್ ಹಾಕಿಕೊಳ್ಳುವುದಿಲ್ಲ, ನಮ್ಮ ಫೋನಿನ ಪರದೆಯನ್ನು ಬೇರೆಯವರಿಗೆ ತೋರಿಸುವ ಆ್ಯಪ್ ಅಂತೂ ಇಲ್ಲವೇ ಇಲ್ಲ. ಅವಸರ ಮಾಡಿದರೆ ಕರೆ ಕತ್ತರಿಸುವುದು. ಶುರುವಿನಲ್ಲಿ ಸ್ವಲ್ಪವೇ ಹಣ ಇರುವ ಬೇರೆ ಖಾತೆಗೆ ಫೋನ್ ಜೋಡಿಸಿಕೊಟ್ಟರೆ ಅವರೂ ನಿರಾಳ, ನೀವೂ ನಿರಾಳ. ಒಂದು ವೇಳೆ ಮೋಸ ಹೋದರೆ ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಬ್ಯಾಂಕಿಗೆ ತಿಳಿಸುವ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

ಕೆಟ್ಟು ಹೋದರೆ?

ಈ ಉತ್ತರ ಕೊಳ್ಳುವ ಮೊದಲೇ ಬೇಕು. ಹತ್ತಿರದಲ್ಲಿ ಅದನ್ನು ಬಿಚ್ಚಿ ನೋಡಬಲ್ಲವರು ಇದ್ದಾರಾ? ಬಿಡಿಭಾಗ ಸಿಗುತ್ತಾ? ಇಲ್ಲ ಅಂದರೆ ಕಡಿಮೆ ಸೌಲಭ್ಯದ, ಆದರೆ ಎಲ್ಲರಿಗೂ ಗೊತ್ತಿರುವ ಮಾದರಿಯೇ ಮೇಲು. ಬಿಲ್, ವಾರಂಟಿ ಕಾಗದ, ಯಂತ್ರದ ಹಿಂದಿನ ಮಾದರಿ ಸಂಖ್ಯೆ ಇವುಗಳ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ.

ಇಷ್ಟೆಲ್ಲ ಮಾಡಿಯೂ ಬೇಡ ಅಂದರೆ?

ಬೇಡ ಅಂದರೆ ಬೇಡ. ವಾಪಸ್ ತೆಗೆದುಕೊಂಡು ಹೋಗಿ, ಬೇಕಾದವರಿಗೆ ಕೊಡಿ. ಮುಖ ಸಿಂಡರಿಸಬೇಡಿ. ಬೀಸುವ ಕಲ್ಲೋ ಸೌದೆ ಒಲೆಯೋ ಅವರಿಗೆ ಇಷ್ಟವೇ ಆಗಿರಬಹುದು, ಅಥವಾ ಈಗ ಮನೆಯಲ್ಲಿ ಬೇರೆ ಚಿಂತೆ ಇರಬಹುದು. ಆರು ತಿಂಗಳ ಮೇಲೆ ಅವರೇ "ಆವತ್ತು ತಂದಿದ್ದೆಯಲ್ಲ, ಅದು ಇನ್ನೂ ಇದೆಯಾ?" ಅಂತ ಕೇಳಿದರೆ, "ಆಗಲೇ ಹೇಳಿದ್ದೆ ಅಲ್ವಾ" ಅನ್ನದೆ ತಂದುಕೊಡಿ.